ಅಪರೂಪದ ನಾಣ್ಯವೂ ಅಚೌರ್ಯಾಣುವ್ರತವೂ

ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರನ್ನು ನಮ್ಮ ಆಚಾರ್ಯರು ಜ್ಞಾನದ ದೋಷಗಳೆಂದು ಹೇಳಿದ್ದಾರೆ. ಹೊಳೆಯುವ ಸಿಂಪಿಯನ್ನು ಕಂಡು ಬೆಳ್ಳಿಯೆಂದು ನಿಶ್ಚಯಿಸುವುದು ವಿಪರ್ಯಯಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ವಿಚಿತ್ರವಾಗಿ ಕಾಣುವ ಹಳೆಯ ನಾಣ್ಯವೊಂದು ಕೈಗೆ ಬಂದಾಗ ಈ ಮೂರು ದೋಷಗಳೂ ಒಮ್ಮೆಗೇ ಎದುರಾಗುತ್ತವೆ. ಆದರೆ ಅಲ್ಲಿ ಕೆಡುವುದು ಜ್ಞಾನ ಮಾತ್ರವಲ್ಲ, ಚಾರಿತ್ರವೂ ಕೆಡಬಹುದು. ಅಷ್ಟನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕೊಡಗಿನ ಮಾದಾಪುರದಂತಹ ಊರಿನಲ್ಲಿ ಈ ಪ್ರಶ್ನೆ ಕೇವಲ ಕಾಲ್ಪನಿಕವಲ್ಲ. ಅರ್ಧ ಗ್ರಾಮಿಗೂ ಹಗುರವಾದ ಚಿನ್ನದ ವೀರರಾಯ ಹಣ, ಆನೆಯ ಮುದ್ರೆಯುಳ್ಳ ಟಿಪ್ಪುವಿನ ತಾಮ್ರದ ಕಾಸು, 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಬಂದ ಬೆಳ್ಳಿಯ ರೂಪಾಯಿ ಇವೆಲ್ಲವೂ ಈ ಸೀಮೆಯಲ್ಲಿ ಚಲಾವಣೆಯಾದವು. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮಾದಾಪುರದ ಸುತ್ತಮುತ್ತ ಅನೇಕರು ಮನೆ, ತೋಟಗಳನ್ನು ಕಳೆದುಕೊಂಡರು. ಹಾಗೆ ನೊಂದ ಮನೆಯವರೊಬ್ಬರು ಅಜ್ಜಿಯ ಪೆಟ್ಟಿಗೆಯಲ್ಲಿದ್ದ ನಾಣ್ಯವನ್ನು ತಂದು ವರ್ತಕನ ಮುಂದಿಟ್ಟು "ಇದೇನು, ನೋಡಿ ಹೇಳಿ" ಎಂದರೆ ಆ ವರ್ತಕನ ಧರ್ಮವೇನು?

ಮೊದಲನೆಯದು ಸರಿಯಾಗಿ ನೋಡುವುದು. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಿವೆ. ಹೆಚ್ಚಿನವರು ಅವಗ್ರಹದಿಂದ, ಅಂದರೆ ಮೊದಲ ನೋಟದಿಂದ, ನೇರವಾಗಿ ನಿರ್ಣಯಕ್ಕೆ ಹಾರುತ್ತಾರೆ; ನಡುವಿನ ಈಹಾ ಎಂಬ ವಿಚಾರಣೆಯನ್ನು ಬಿಟ್ಟುಬಿಡುತ್ತಾರೆ. ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ವರ್ಷದ ಅಂಕೆಗಳು ಬಲದಿಂದ ಎಡಕ್ಕೆ ಇವೆ. ತಿಳಿಯದವನಿಗೆ ಅದು ಟಂಕಸಾಲೆಯ ತಪ್ಪು, ಆದ್ದರಿಂದ ಅಪೂರ್ವ ವಸ್ತು. ತಿಳಿದವನಿಗೆ ಅದು ಅಂದಿನ ಪದ್ಧತಿ. ಇದಕ್ಕೆ ವಿರುದ್ಧವಾಗಿ, ರಾಮ, ಸೀತೆ, ಹನುಮಂತರ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ವರ್ಷವೂ ಇರುವ ಬಿಲ್ಲೆಗಳು ಎಲ್ಲೆಡೆ ಮಾರಾಟವಾಗುತ್ತವೆ. ಕಂಪನಿ ಅಂತಹ ನಾಣ್ಯವನ್ನು ಎಂದೂ ಟಂಕಿಸಲಿಲ್ಲ. ಅಕ್ಕಿಯನ್ನು ಸೆಳೆಯುವ ಶಕ್ತಿ ಅವಕ್ಕುಂಟೆಂದು ನಂಬಿಸಿ ಲಕ್ಷಾಂತರ ರೂಪಾಯಿ ವಂಚಿಸಿದ ಪ್ರಕರಣಗಳೂ ನಡೆದಿವೆ. ಭಕ್ತಿಯೂ ಲೋಭವೂ ಕೂಡಿದಲ್ಲಿ ಪರೀಕ್ಷೆ ನಿಂತುಹೋಗುತ್ತದೆ.

ತಕ್ಕಡಿ ಪಕ್ಷಪಾತ ಮಾಡುವುದಿಲ್ಲ. 1835ರ ನಂತರದ ಕಂಪನಿ ರೂಪಾಯಿಯ ನಿಗದಿತ ತೂಕ 180 ಗ್ರೇನು, ಅಂದರೆ ಸುಮಾರು 11.66 ಗ್ರಾಮು. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಹೊಸದರಂತೆ ಹೊಳೆಯುವುದು ಒಂದು ಗ್ರಾಮು ಕಡಿಮೆ ತೂಗಿದರೆ ಶಂಕಿಸಬೇಕು. ಅಂಚಿನಲ್ಲಿ ಅಚ್ಚಿನ ಕೂಡುಗೆರೆ, ಮೈಮೇಲೆ ಗುಳ್ಳೆಗುಳಿಗಳು ಕಂಡರೆ ಅದು ಎರಕ ಹೊಯ್ದದ್ದು, ಟಂಕಿಸಿದ್ದಲ್ಲ. ಆರನೇ ಜಾರ್ಜ್ ದೊರೆಯ 1939ರ ರೂಪಾಯಿ ನಿಜಕ್ಕೂ ವಿರಳ. ಆ ಕಾರಣದಿಂದಲೇ 1938ರ ನಾಣ್ಯದ ಕೊನೆಯ ಅಂಕೆಯನ್ನು ತಿದ್ದಿ 9 ಮಾಡುವವರಿದ್ದಾರೆ. ಭೂತಗನ್ನಡಿಯಲ್ಲಿ ಮೊದಲು ನೋಡಬೇಕಾದದ್ದು ಆ ಒಂದು ಅಂಕೆಯನ್ನೇ.

ಇಲ್ಲಿ ಇನ್ನೊಂದು ವಿವೇಕವೂ ಬೇಕು. ನಿಜವಾದದ್ದು, ವಿರಳವಾದದ್ದು, ಬೆಲೆಯುಳ್ಳದ್ದು ಇವು ಮೂರು ಬೇರೆ ಬೇರೆ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣೆಗೆ 2001ರಲ್ಲಿ ಬಂದ ಐದು ರೂಪಾಯಿ ನಾಣ್ಯ ನಮ್ಮ ಮನೆಗಳಲ್ಲಿ ಪೂಜ್ಯಭಾವದಿಂದ ಉಳಿದಿದೆ. ಅದು ನಿಜವಾದ ನಾಣ್ಯ. ಆದರೆ ಚಲಾವಣೆಗೆಂದೇ ಬಿಟ್ಟದ್ದು, ಅಪೂರ್ವವಲ್ಲ. ಹಳೆಯ ನಾಣ್ಯ, ನೋಟುಗಳನ್ನು ಕೊಳ್ಳುವೆವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು.

ಈಗ ಧರ್ಮದ ಪ್ರಶ್ನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವೂ ಒಂದು. ಕೃತಕ ಹೊನ್ನು ಮೊದಲಾದವುಗಳಿಂದ ವಂಚಿಸುವುದೆಂದು ಪೂಜ್ಯಪಾದರು ಅದನ್ನು ವಿವರಿಸಿದ್ದಾರೆ. ಖೋಟಾ ಎಂದು ತಿಳಿದು ಮಾರುವುದು ಅತಿಚಾರವೆಂಬುದರಲ್ಲಿ ವಿವಾದವಿಲ್ಲ. ಕಠಿಣವಾದದ್ದು ಇದರ ವಿಲೋಮ: ಅಪೂರ್ವವೆಂದು ತಿಳಿದೂ ಮಾತಾಡದೆ ಬೆಳ್ಳಿಯ ತೂಕದ ಬೆಲೆಗೆ ಕೊಳ್ಳುವುದು. ವರ್ತಕನು ಕೇಳಬಹುದು: "ನಾನು ಸುಳ್ಳಾಡಲಿಲ್ಲ, ಅವನು ಕೇಳಿದ ಬೆಲೆ ಕೊಟ್ಟೆ. ಇಷ್ಟು ವರ್ಷ ಕಲಿತ ವಿದ್ಯೆಗೆ ಫಲ ಬೇಡವೇ?"

ಈ ವಾದದಲ್ಲಿ ಸತ್ಯಾಂಶವಿದೆ. ವಿದ್ಯೆಗೆ ಫಲ ನ್ಯಾಯವೇ. ಅದನ್ನು ಪರೀಕ್ಷೆಯ ಶುಲ್ಕವೆಂದೋ ಮಾರಾಟದ ದಲ್ಲಾಳಿಯೆಂದೋ ಬಹಿರಂಗವಾಗಿ ಪಡೆಯಬಹುದು. ಅಂಗಡಿಯಲ್ಲಿ ಬೆಲೆ ಬರೆದು ಮಾರಾಟಕ್ಕಿಟ್ಟ ವಸ್ತುವನ್ನು ಜಾಣನು ಆರಿಸಿಕೊಂಡರೆ ಅದೂ ಬೇರೆ ಮಾತು. ಅಲ್ಲಿ ಇಬ್ಬರೂ ವ್ಯಾಪಾರಕ್ಕೆಂದೇ ನಿಂತವರು. ಆದರೆ "ಇದೇನು?" ಎಂದು ಕೇಳಿದವನು ನಾಣ್ಯದ ಜೊತೆಗೆ ತನ್ನ ಅಜ್ಞಾನವನ್ನೂ ನಮ್ಮಲ್ಲಿ ಅಡವಿಡುತ್ತಾನೆ. ಇಟ್ಟವನು ಲೆಕ್ಕ ಮರೆತಾಗ ಉಳಿದದ್ದನ್ನು ತಾನಿಟ್ಟುಕೊಳ್ಳುವುದು ನ್ಯಾಸಾಪಹಾರ, ಸತ್ಯಾಣುವ್ರತದ ಅತಿಚಾರ. ಲೆಕ್ಕವನ್ನೇ ತಿಳಿಯದವನ ವಿಷಯದಲ್ಲಿ ಮೌನ ಅದಕ್ಕಿಂತ ಹೇಗೆ ಹಗುರವಾದೀತು? ಸಂಕಟದಲ್ಲಿ ಮಾರಲು ಬಂದವನಾದರೆ ಅಚೌರ್ಯದ ಜೊತೆಗೆ ಅಹಿಂಸೆಯ ಪ್ರಶ್ನೆಯೂ ಸೇರಿತು.

ನಿರ್ಣಯವಾಗದೆ ಉಳಿದರೆ? ಸ್ಯಾದ್ವಾದವನ್ನು ಸಂಶಯವಾದವೆಂದು ತಪ್ಪಾಗಿ ತಿಳಿದವರುಂಟು. ಯಾವ ಅಪೇಕ್ಷೆಯಿಂದ ಎಷ್ಟು ನಿಶ್ಚಯವೋ ಅಷ್ಟನ್ನೇ ಹೇಳುವುದು ಅದರ ಮರ್ಮ. "ತೂಕದಿಂದ ಸರಿ, ಲೋಹ ಬೆಳ್ಳಿ, ಅಂಕೆಯ ವಿಷಯದಲ್ಲಿ ಶಂಕೆಯಿದೆ" ಎಂದು ಚೀಟಿ ಬರೆದುಕೊಡುವುದು ವರ್ತಕನ ಸ್ಯಾದ್ವಾದ. ಆ ಶಂಕೆಯನ್ನು ಕೊಳ್ಳುವಾಗ ದೊಡ್ಡದಾಗಿಯೂ ಮಾರುವಾಗ ಚಿಕ್ಕದಾಗಿಯೂ ಹೇಳುವುದು ಮಾಯಾಕಷಾಯ.

ಬಸದಿಗಳ ಟ್ರಸ್ಟಿನವರಿಗೂ ಒಂದು ಮಾತು. ಕಾಣಿಕೆಯ ಹುಂಡಿಯಲ್ಲಿ ವಿಚಿತ್ರ ನಾಣ್ಯ ಬಂದರೆ ಅದನ್ನು ಉಜ್ಜಿ ತೊಳೆಯಬಾರದು. ತೊಳೆದರೆ ಸಾಕ್ಷ್ಯವೇ ಹೋಗುತ್ತದೆ. ತೂಕವನ್ನೂ ಛಾಯಾಚಿತ್ರವನ್ನೂ ದಾಖಲಿಸಿ, ಕೊಳ್ಳುವ ಆಸೆಯಿಲ್ಲದ ಇಬ್ಬರು ಬಲ್ಲವರ ಅಭಿಪ್ರಾಯ ಪಡೆಯಲಿ. ಟ್ರಸ್ಟಿನ ಸದಸ್ಯರಾರೂ ಅದನ್ನು ಖರೀದಿಸದಿರಲಿ. ನೆಲ ಅಗೆದಾಗ ದೊರೆತದ್ದಾದರೆ ಸರ್ಕಾರಕ್ಕೆ ತಿಳಿಸುವುದು ಕಾನೂನು. ಮುಳ್ಳೂರಿನ ಹನ್ನೊಂದನೆಯ ಶತಮಾನದ ಬಸದಿಗಳನ್ನು ಪಡೆದ ಕೊಡಗಿನಲ್ಲಿ ಇಂತಹ ವಸ್ತುಗಳು ಚರಿತ್ರೆಯ ಪುಟಗಳೇ ಆಗಿವೆ.

ನಾಣ್ಯಪರೀಕ್ಷೆ ನಮ್ಮ ಸಮಾಜಕ್ಕೆ ಹೊಸ ವಿದ್ಯೆಯಲ್ಲ. ದೆಹಲಿಯ ಖಿಲ್ಜಿ ಸುಲ್ತಾನರ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ಶ್ರಾವಕ ಠಕ್ಕುರ ಫೇರು, 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಗ್ರಂಥವನ್ನು ಬರೆದು, ತನ್ನ ಕಾಲದ ನಾಣ್ಯಗಳ ತೂಕ, ಲೋಹಪ್ರಮಾಣ, ವಿನಿಮಯದ ಬೆಲೆಗಳನ್ನು ದಾಖಲಿಸಿದನು. ತಾನು ಕಂಡ ಲೆಕ್ಕವನ್ನು ಆತ ಬಚ್ಚಿಡದೆ ಬರೆದಿಟ್ಟನು. ಬಲ್ಲವರು ಹಾಗೆ ತಿಳಿಸುತ್ತ ಹೋದರೆ ತಿಳಿಯದವರು ಮೋಸಹೋಗುವುದು ಕಡಿಮೆಯಾದೀತು. ಶ್ರಾವಕನಾದ ವರ್ತಕನಿಗೆ ಅದಕ್ಕಿಂತ ಉತ್ತಮವಾದ ಜ್ಞಾನದಾನ ಯಾವುದು?