ಸಂಶಯಕ್ಕೂ ಒಂದು ಧರ್ಮವಿದೆ

ಒಬ್ಬ ಮನುಷ್ಯನ ಮೇಲೆ ಹುಟ್ಟಿದ ಸಂಶಯವನ್ನು ಮತ್ತೊಬ್ಬರ ಕಿವಿಗೆ ಹಾಕುವುದು ಯಾವಾಗ ಕರ್ತವ್ಯ, ಯಾವಾಗ ಅನ್ಯಾಯ? ಅಮೆರಿಕದಲ್ಲಿ ಎರಡು ದಶಕಗಳಿಂದ ನಡೆದಿರುವ ಒಂದು ದೊಡ್ಡ ವಾದದ ಬುಡದಲ್ಲಿರುವುದು ಈ ಪ್ರಶ್ನೆಯೇ. 2001ರ ಸೆಪ್ಟೆಂಬರ್ 11ರ ದಾಳಿ ನಡೆಸಿದ 19 ಜನರಲ್ಲಿ ಇಬ್ಬರಾದ ನವಾಫ್ ಅಲ್ ಹಜ್ಮಿ ಮತ್ತು ಖಾಲಿದ್ ಅಲ್ ಮಿಹ್ದಾರ್, ಅದಕ್ಕೂ ಇಪ್ಪತ್ತು ತಿಂಗಳ ಹಿಂದೆಯೇ ಕೌಲಾಲಂಪುರದಲ್ಲಿ ಅಲ್ ಖೈದಾದವರನ್ನು ಕೂಡಿಕೊಂಡಿದ್ದು ಸಿಐಎಗೆ ಗೊತ್ತಿತ್ತು. ಆಮೇಲೆ ಅವರು ಅಮೆರಿಕಕ್ಕೆ ಬಂದು ಸ್ಯಾನ್ ಡಿಯಾಗೊದಲ್ಲಿ ಮನೆ ಮಾಡಿದರು. ಅವರ ಹೆಸರು ನಿಗಾಪಟ್ಟಿಗೆ ಸೇರಿದ್ದು ಮಾತ್ರ 2001ರ ಆಗಸ್ಟ್ ಮುಗಿಯುತ್ತಿದ್ದಾಗ. ಒಂದು ಇಲಾಖೆ ಬಲ್ಲದ್ದನ್ನು ಇನ್ನೊಂದು ಇಲಾಖೆಗೆ ಸಕಾಲಕ್ಕೆ ಹೇಳದೆ ಹೋದದ್ದು ದುರಂತದ ಕಾರಣಗಳಲ್ಲೊಂದು ಎಂದು 2004ರಲ್ಲಿ ತನಿಖಾ ಆಯೋಗ ಹೇಳಿತು. ಈ ಪಾಠದಿಂದಲೇ ರಾಜ್ಯ ರಾಜ್ಯಗಳಲ್ಲಿ, ದೊಡ್ಡ ನಗರಗಳಲ್ಲಿ ‘ಫ್ಯೂಷನ್ ಸೆಂಟರ್’ ಎಂಬ ಮಾಹಿತಿ ಹಂಚಿಕೆ ಕೇಂದ್ರಗಳು ಬೆಳೆದವು. ಈಗ ಅವು ಸುಮಾರು 80. ಸ್ಥಳೀಯ ಪೊಲೀಸರು, ರಾಜ್ಯದ ಅಧಿಕಾರಿಗಳು, ಎಫ್‌ಬಿಐ, ಆಂತರಿಕ ಭದ್ರತಾ ಇಲಾಖೆ ಎಲ್ಲರೂ ತಮ್ಮಲ್ಲಿರುವ ಸುಳಿವುಗಳನ್ನು ಅಲ್ಲಿ ಒಟ್ಟುಗೂಡಿಸುತ್ತಾರೆ.

ಈ ಕೇಂದ್ರಗಳು ಒಟ್ಟುಗೂಡಿಸಿದ್ದಾದರೂ ಏನನ್ನು? ಸೆನೆಟ್‌ನ ತನಿಖಾ ಉಪಸಮಿತಿ 2012ರ ಅಕ್ಟೋಬರ್‌ನಲ್ಲಿ, ಎರಡೂ ಪಕ್ಷಗಳ ಸಹಮತದಿಂದ, ಒಂದು ವರದಿ ಹೊರತಂದಿತು. 2009ರ ಏಪ್ರಿಲ್‌ನಿಂದ 13 ತಿಂಗಳ ಅವಧಿಯಲ್ಲಿ ಕೇಂದ್ರಗಳಿಂದ ಬಂದ 610 ಕರಡು ವರದಿಗಳನ್ನು ಅದು ಪರಿಶೀಲಿಸಿತ್ತು. ಅವುಗಳಲ್ಲಿ 188 ಪ್ರಕಟವಾಗದೆ ರದ್ದಾಗಿದ್ದವು. ಕೆಲವು ಉಪಯೋಗಕ್ಕೆ ಬಾರದವು, ಕೆಲವು ನಾಗರಿಕರ ಹಕ್ಕನ್ನೇ ಮೀರಿದವು. ಭಯೋತ್ಪಾದನೆಯ ಒಂದು ಸಂಚನ್ನಾದರೂ ಬಯಲಿಗೆಳೆದ ವರದಿ ಆ 610ರಲ್ಲಿ ಸಿಗಲಿಲ್ಲ ಎಂದಿತು ಸಮಿತಿ. ಸಮಿತಿ ನೋಡಿದ್ದು ಹಳೆಯ ಮಾಹಿತಿ, ಕೇಂದ್ರಗಳ ಉಪಯೋಗವನ್ನು ಅದು ಗಣನೆಗೆ ತೆಗೆದುಕೊಂಡಿಲ್ಲ ಎಂದು ಆಂತರಿಕ ಭದ್ರತಾ ಇಲಾಖೆ ಪ್ರತಿಭಟಿಸಿತು. ಆದರೆ ಬೇರೆ ಉದಾಹರಣೆಗಳೂ ದಾಖಲೆಯಲ್ಲಿದ್ದವು. ಮೇರಿಲ್ಯಾಂಡ್ ರಾಜ್ಯದ ಪೊಲೀಸರು 2005–06ರಲ್ಲಿ ಯುದ್ಧವಿರೋಧಿಗಳ ಮತ್ತು ಮರಣದಂಡನೆ ವಿರೋಧಿಗಳ ಸಭೆಗಳಿಗೆ ಗುಟ್ಟಾಗಿ ಹೋಗಿ, 53 ಮಂದಿಯ ಹೆಸರನ್ನು ಭಯೋತ್ಪಾದಕರ ಶೀರ್ಷಿಕೆಯಡಿ ದಾಖಲಿಸಿದ್ದರು. ಮಿಸ್ಸೌರಿಯ ಕೇಂದ್ರ 2009ರಲ್ಲಿ ಸಶಸ್ತ್ರ ಗುಂಪುಗಳ ಕುರಿತ ವರದಿಯಲ್ಲಿ, ಕಾನೂನುಬದ್ಧವಾಗಿ ಚುನಾವಣೆಗೆ ನಿಂತ ಅಭ್ಯರ್ಥಿಗಳ ಬೆಂಬಲಿಗರನ್ನೂ ಎಳೆದು ತಂದು, ಟೀಕೆ ಬಂದಮೇಲೆ ಅದನ್ನು ಹಿಂತೆಗೆದುಕೊಂಡಿತು.

ಇಲ್ಲಿಂದ ವಾದ ಎರಡು ಕವಲಾಗುತ್ತದೆ. ಇನ್ನೂ ಹೆಚ್ಚು ಹಂಚಿಕೊಳ್ಳಬೇಕು ಎನ್ನುವವರು ಒಂದು ಕಡೆ, ಕಡಿಮೆ ಹಂಚಿಕೊಳ್ಳಬೇಕು ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷಗಳು ಮಾಹಿತಿಯನ್ನು ಅಳೆದು ಕೊಡುವ ಸರಕೆಂದೇ ಭಾವಿಸಿವೆ. ನನ್ನ ವಾದ ಬೇರೆ. ಮಾಹಿತಿ ಎಂಬುದು ಒಬ್ಬರು ಇನ್ನೊಬ್ಬರಿಗೆ, ಮೂರನೆಯವರ ಬಗ್ಗೆ ಹೇಳುವ ಮಾತು. ಆ ಮಾತು ಹೇಳುವುದು ಆ ಮೂರನೆಯವರಿಗೆ ಸಂಬಂಧಿಸಿದ ಒಂದು ಕ್ರಿಯೆ. ಆದ್ದರಿಂದ ಅದಕ್ಕೆ ಉತ್ತರದಾಯಿತ್ವ ಇರಲೇಬೇಕು. ಎಷ್ಟು ಹಂಚಿಕೊಂಡೆವು ಎನ್ನುವುದಕ್ಕಿಂತ ಸಂಶಯವನ್ನು ಸಂಶಯವಾಗಿಯೇ ಹಂಚಿಕೊಂಡೆವೋ, ಜ್ಞಾನದ ವೇಷ ತೊಡಿಸಿ ಹಂಚಿಕೊಂಡೆವೋ ಎನ್ನುವುದು ಮುಖ್ಯ. ಈ ವ್ಯತ್ಯಾಸವನ್ನು ನಮ್ಮ ಪ್ರಮಾಣಶಾಸ್ತ್ರಗಳು ಬಹಳ ಹಿಂದೆಯೇ ಆಳವಾಗಿ ಯೋಚಿಸಿವೆ.

ನ್ಯಾಯದರ್ಶನ ಪಟ್ಟಿ ಮಾಡುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ನಂತರ ಮೂರನೆಯದಾಗಿ ಬರುವುದು ಸಂಶಯ. ನೈಯಾಯಿಕರಿಗೆ ಸಂಶಯ ನಾಚಿಕೆಯ ಸಂಗತಿಯಲ್ಲ. ವಿಚಾರ ಹುಟ್ಟುವುದೇ ಅಲ್ಲಿ. ಮುಸ್ಸಂಜೆಯಲ್ಲಿ ದೂರದಲ್ಲೇನೋ ನೆಟ್ಟಗೆ ನಿಂತಿದೆ, ಅದು ಮರದ ಮೋಟೋ ಮನುಷ್ಯನೋ ತಿಳಿಯದು ಎಂಬುದು ಅವರು ಮತ್ತೆ ಮತ್ತೆ ಕೊಡುವ ಉದಾಹರಣೆ. ಎತ್ತರ ಎರಡಕ್ಕೂ ಸಮಾನ ಲಕ್ಷಣ. ಸಮಾನ ಲಕ್ಷಣ ಕಂಡಾಗ ಸಂಶಯ ಹುಟ್ಟುತ್ತದೆ, ಒಂದಕ್ಕೆ ಮಾತ್ರ ಸೇರಿದ ವಿಶೇಷ ಲಕ್ಷಣ ಸಿಕ್ಕಾಗ ಮಾತ್ರ ಅದು ನಿರ್ಣಯವಾಗುತ್ತದೆ. ಎತ್ತರವನ್ನೇ ಹತ್ತು ಸಲ ಬರೆದುಕೊಂಡರೂ ಮೋಟು ಮನುಷ್ಯನಾಗುವುದಿಲ್ಲ. ಅಮೆರಿಕದ ಸಂಶಯಾಸ್ಪದ ಚಟುವಟಿಕೆ ವರದಿಗಳನ್ನು ಈ ಕಣ್ಣಿನಿಂದ ನೋಡಬೇಕು. ಸೇತುವೆ, ಅಣೆಕಟ್ಟು, ಅನಿಲ ಸಂಗ್ರಹಾಗಾರಗಳ ಫೋಟೊ ತೆಗೆಯುವುದು ಅಲ್ಲಿ ವರದಿಗೆ ಅರ್ಹವಾದ ನಡತೆಗಳಲ್ಲೊಂದು. ಬಾಸ್ಟನ್‌ನಲ್ಲಿ ಅನಿಲ ತೊಟ್ಟಿಯೊಂದರ ಮೇಲೆ ಬಿಡಿಸಿದ್ದ ಪ್ರಸಿದ್ಧ ವರ್ಣಚಿತ್ರದ ಫೋಟೊ ತೆಗೆಯಲು ಹೋದ ಹಿರಿಯ ಛಾಯಾಗ್ರಾಹಕರೊಬ್ಬರ ಮನೆಬಾಗಿಲಿಗೆ ತನಿಖಾಧಿಕಾರಿಗಳು ಬಂದದ್ದು ಹೀಗೆ. ಫೋಟೊ ತೆಗೆಯುವುದು ಪ್ರವಾಸಿಗೂ ಕಲಾವಿದನಿಗೂ ಸಂಚುಗಾರನಿಗೂ ಸಮಾನ ಲಕ್ಷಣ. ವಿಶೇಷ ಲಕ್ಷಣ ಹುಡುಕುವ ಕೆಲಸ ಬಿಟ್ಟು ಸಮಾನ ಲಕ್ಷಣಗಳನ್ನು ಕೂಡಿಹಾಕುತ್ತ ಹೋದರೆ ರಾಶಿ ದೊಡ್ಡದಾಗುತ್ತದೆ, ಅರಿವು ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಬ್ಬರ ಮಾತಿನಿಂದ ಬರುವ ಅರಿವಿಗೆ ಶಬ್ದಪ್ರಮಾಣವೆಂದು ಹೆಸರು. ಆಪ್ತನ ಮಾತು ಮಾತ್ರ ಪ್ರಮಾಣ ಎಂಬುದು ನ್ಯಾಯದ ನಿಲುವು. ಆಪ್ತನೆಂದರೆ ವಿಷಯವನ್ನು ತಾನೇ ಕಂಡವನು, ಕಂಡದ್ದನ್ನು ಕಂಡಂತೆಯೇ ತಿಳಿಸಬಯಸುವವನು. ಋಷಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ನ್ಯಾಯಸೂತ್ರದ ಮೇಲಿನ ವಾತ್ಸ್ಯಾಯನನ ಭಾಷ್ಯ ಸ್ಪಷ್ಟವಾಗಿ ಹೇಳುತ್ತದೆ. ಕುಲವಾಗಲಿ ಪದವಿಯಾಗಲಿ ಆಪ್ತತ್ವವನ್ನು ತಂದುಕೊಡದು. ಕನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರ ಆಚಾರ್ಯರು ಆಪ್ತಮೀಮಾಂಸೆಯಲ್ಲಿ ಈ ಪರೀಕ್ಷೆಯನ್ನು ತಮ್ಮ ಆರಾಧ್ಯನಿಗೇ ಒಡ್ಡಿದರು: ಹೊರಗಿನ ವೈಭವ ಮಾಯಾವಿಗಳಲ್ಲೂ ಇರುತ್ತದೆ, ನಂಬಿಕೆಗೆ ಅದು ಆಧಾರವಾಗದು. ಪ್ರತಿ ಹೇಳಿಕೆಯೂ ತಾನು ಯಾವ ದೃಷ್ಟಿಯಿಂದ, ಯಾವ ಮಿತಿಯಲ್ಲಿ ನಿಜ ಎಂಬ ಷರತ್ತನ್ನು ಹೊತ್ತೇ ಇರಬೇಕೆಂದು ಜೈನರ ಸ್ಯಾದ್ವಾದ ಒತ್ತಾಯಿಸುತ್ತದೆ. ಸರ್ಕಾರಿ ಮುದ್ರೆಯಿದ್ದ ಮಾತ್ರಕ್ಕೆ ಒಂದು ಸುಳಿವು ಪ್ರಮಾಣವಾಗುವುದಿಲ್ಲ. ಕೈಯಿಂದ ಕೈಗೆ ದಾಟುವಾಗ ಅದರ ಷರತ್ತು ಕಳಚಿಬಿದ್ದರೆ, ದಾಟಿದ್ದು ಮೊದಲಿನ ಮಾತೇ ಅಲ್ಲ.

ಷರತ್ತು ಕಳಚಿಬಿದ್ದಾಗ ಏನಾಗುತ್ತದೆಂಬುದನ್ನು ಮಾಹೆರ್ ಅರಾರ್ ಪ್ರಕರಣದಲ್ಲಿ ಕಾಣಬಹುದು. ಸಿರಿಯಾದಲ್ಲಿ ಹುಟ್ಟಿದ ಈ ಕೆನಡಾದ ಎಂಜಿನಿಯರ್ ಬೇರೊಬ್ಬರ ಮೇಲಿನ ತನಿಖೆಯ ಅಂಚಿನಲ್ಲಿ ಕಾಣಿಸಿಕೊಂಡ ಹೆಸರು, ಅಷ್ಟೆ. ಆದರೆ ಕೆನಡಾದ ಪೊಲೀಸರು ಅಮೆರಿಕಕ್ಕೆ ಅವರನ್ನು ಅಲ್ ಖೈದಾ ನಂಟಿನ ಶಂಕೆಯಿರುವ ಇಸ್ಲಾಮಿ ತೀವ್ರವಾದಿ ಎಂದು ವರ್ಣಿಸಿದರು, ಮಾಹಿತಿಯ ಬಳಕೆಗೆ ಹಾಕಬೇಕಿದ್ದ ಷರತ್ತುಗಳನ್ನು ಹಾಕದೆ ಇಡೀ ಕಡತವನ್ನೇ ಕೊಟ್ಟರು. 2002ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಮಾನ ಬದಲಿಸುತ್ತಿದ್ದ ಅವರನ್ನು ಅಮೆರಿಕ ತಡೆದು ಸಿರಿಯಾಕ್ಕೆ ಕಳಿಸಿತು. ಅಲ್ಲಿ ಸುಮಾರು ಒಂದು ವರ್ಷ ಸೆರೆ, ಚಿತ್ರಹಿಂಸೆ. ನ್ಯಾಯಮೂರ್ತಿ ಡೆನಿಸ್ ಓಕಾನರ್ ಆಯೋಗ 2006ರಲ್ಲಿ ಅವರ ಮೇಲೆ ಯಾವ ಆಧಾರವೂ ಇಲ್ಲವೆಂದು ಹೇಳಿತು. ಮರುವರ್ಷ ಕೆನಡಾ ಕ್ಷಮೆ ಕೇಳಿ 1.05 ಕೋಟಿ ಕೆನಡಾ ಡಾಲರ್ ಪರಿಹಾರ ಕೊಟ್ಟಿತು. ಕರ್ನಾಟಕಕ್ಕೆ ಇದಕ್ಕಿಂತ ಹತ್ತಿರದ್ದು ಡಾ. ಮೊಹಮ್ಮದ್ ಹನೀಫ್ ಪ್ರಕರಣ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಜೀಪು ನುಗ್ಗಿಸಿದವರಲ್ಲಿ ಒಬ್ಬ ಅವರ ದೂರದ ಸೋದರ ಸಂಬಂಧಿ. ಎರಡು ದಿನಗಳ ನಂತರ, ಬೆಂಗಳೂರಿಗೆ ಹೊರಟಿದ್ದ ಹನೀಫ್ ಅವರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಬಂಧಿಸಿದರು. ಅವರ ಸಿಮ್ ಕಾರ್ಡ್ ಆ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜದಲ್ಲಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಇನ್ನೊಬ್ಬ ಸಂಬಂಧಿಯ ಬಳಿ. ತಿಂಗಳೊಳಗೆ ಆರೋಪ ಕೈಬಿಟ್ಟರು; ಮುಂದೆ ಅಲ್ಲಿನ ಸರ್ಕಾರ ನೇಮಿಸಿದ ಕ್ಲಾರ್ಕ್ ವಿಚಾರಣೆಯಲ್ಲೂ ಅವರ ಮೇಲೆ ಪುರಾವೆ ಸಿಗಲಿಲ್ಲ. ಇಲ್ಲಿ ಸಂಶಯ ಹುಟ್ಟಿದ್ದು ತಪ್ಪಲ್ಲ. ಸಂಬಂಧವಿತ್ತು, ಸಿಮ್ ಕಾರ್ಡ್ ಇತ್ತು, ವಿಚಾರಿಸುವುದು ಪೊಲೀಸರ ಕರ್ತವ್ಯವೇ ಆಗಿತ್ತು. ವಿಚಾರಣೆ ಮುಗಿಯುವ ಮೊದಲೇ ಸಂಶಯ ನಿರ್ಣಯದ ಸ್ಥಾನ ಹಿಡಿದದ್ದು ತಪ್ಪು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು: ಸುಮಾರು ಮೂರು ಸಾವಿರ ಜೀವಗಳ ಮುಂದೆ ಪ್ರಮಾಣಶಾಸ್ತ್ರದ ಸೂಕ್ಷ್ಮ ಯಾರಿಗೆ ಬೇಕು? ಹಂಚಿಕೊಳ್ಳದ ಮೌನವೂ ಕೊಲ್ಲುತ್ತದಲ್ಲವೇ? ಕೊಲ್ಲುತ್ತದೆ, ಅದನ್ನು ಅಲ್ಲಗಳೆಯುವವರು ಸತ್ತವರಿಗೆ ಅನ್ಯಾಯ ಮಾಡುತ್ತಾರೆ. ಆದರೆ 2001ರಲ್ಲಿ ಹಂಚಿಕೊಳ್ಳದೆ ಉಳಿದದ್ದು ಎಂಥ ಮಾತು ಎಂದು ನೋಡಬೇಕು. ಆ ಇಬ್ಬರೂ ಹೆಸರಾಂತ ವ್ಯಕ್ತಿಗಳಲ್ಲ, ಆದರೆ ಹೆಸರು ಗೊತ್ತಿದ್ದವರು. ಭೇಟಿಯ ಜಾಗ ಗೊತ್ತಿತ್ತು, ಯಾರ ಜೊತೆಗೆ ಎನ್ನುವುದೂ ಗೊತ್ತಿತ್ತು. ಅದು ವಿಶೇಷ ಲಕ್ಷಣವಿದ್ದ ಸುಳಿವು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟ ವಿಮಾನವನ್ನು ಸ್ಫೋಟಿಸಲು ಯತ್ನಿಸಿದ ನೈಜೀರಿಯಾದ ಯುವಕನ ಬಗ್ಗೆ ಆತನ ತಂದೆಯೇ ಒಂದು ತಿಂಗಳ ಮೊದಲು ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದ್ದರು. ಮಗನನ್ನು ಬಲ್ಲ, ಅವನ ಕೇಡು ಬಯಸದ ತಂದೆಗಿಂತ ಆಪ್ತರು ಯಾರು? ಆ ಮಾತು ರಾಶಿಯಲ್ಲಿ ಹೂತುಹೋಯಿತು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದ ಮೇಲೆ ದಾಳಿಯಾಗುವ ಮುನ್ನಾದಿನ ಎಫ್‌ಬಿಐನ ನಾರ್ಫೋಕ್ ಕಚೇರಿ ಹಿಂಸೆಯ ಮುನ್ಸೂಚನೆಯನ್ನು ಬರೆದು ಕಳಿಸಿತ್ತು, ಮಾಹಿತಿ ಹಂಚಿಕೆಯಾಗಿತ್ತು, ಆದರೂ ಭವನದ ಬಾಗಿಲು ಉಳಿಯಲಿಲ್ಲ. ಯಾವ ಮಾತಿಗೆ ಎಷ್ಟು ತೂಕ ಎಂಬ ವಿವೇಕವಿಲ್ಲದ ಕಡೆ ಮಾತುಗಳನ್ನು ಹೆಚ್ಚಿಸಿದರೆ ಜೀವ ಉಳಿಯುವುದಿಲ್ಲ. ಸಂಶಯಕ್ಕೆ ಶಿಸ್ತು ಬೇಕೆನ್ನುವುದು ಭದ್ರತೆಯ ಪರವಾದ ಮಾತೇ.

ಎರಡನೆಯ ಆಕ್ಷೇಪ: ಕಡತದಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರಿಗೇನು ನಷ್ಟ, ತಪ್ಪು ಮಾಡದವರು ಹೆದರುವುದೇಕೆ? ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಲೇಷ್ಯಾದ ಮಹಿಳೆಯೊಬ್ಬರನ್ನು 2005ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಕೈಕೋಳ ಹಾಕಿ ಹಿಡಿದಿಟ್ಟರು. ಕಾರಣ, ಒಬ್ಬ ಎಫ್‌ಬಿಐ ಅಧಿಕಾರಿ ನಮೂನೆಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿದ್ದರು. ಇದು ನ್ಯಾಯಾಲಯದಲ್ಲಿ ಸಾಬೀತಾಗಿ ತೀರ್ಪು ಬಂದದ್ದು 2014ರಲ್ಲಿ; ಅಲ್ಲಿಯವರೆಗೆ ಸರ್ಕಾರ ರಹಸ್ಯದ ಹೆಸರಿನಲ್ಲಿ ವಿವರ ಕೊಡಲು ಒಪ್ಪಲಿಲ್ಲ. ತಪ್ಪು ಕ್ಷಣಮಾತ್ರದಲ್ಲಿ ಪಟ್ಟಿಯಿಂದ ಪಟ್ಟಿಗೆ ಹರಿಯಿತು, ತಿದ್ದುಪಡಿಗೆ ಒಂಬತ್ತು ವರ್ಷ ಹಿಡಿಯಿತು. ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ತನ್ನ ಬಗ್ಗೆ ಏನು ಹೇಳಲಾಗಿದೆ ಎಂದು ತಿಳಿಯದವನು ಅದಕ್ಕೆ ಉತ್ತರ ಕೊಡಲಾರ. ಉತ್ತರ ಕೊಡುವ ಅವಕಾಶವಿಲ್ಲದೆ ಒಬ್ಬನನ್ನು ಅಳೆಯುವುದೆಂದರೆ ಅವನನ್ನು ವಸ್ತುವಿನಂತೆ ಕಾಣುವುದು. ಅವನಿಗೆ ಎಂದೂ ಕೈಕೋಳ ಬೀಳದೆ ಇದ್ದರೂ ಈ ಅವಮಾನ ನಡೆದೇ ಇರುತ್ತದೆ.

ಪೊಲೀಸರು ತತ್ವಶಾಸ್ತ್ರಜ್ಞರಲ್ಲ, ನಿರ್ಣಯವಾಗುವವರೆಗೆ ಅವರು ಕಾಯಲಾರರು ಎಂಬುದು ಮೂರನೆಯ ಆಕ್ಷೇಪ. ಕಾಯಬೇಕೆಂದು ಯಾರೂ ಕೇಳುತ್ತಿಲ್ಲ. ಸಂಶಯ ಬಂದೊಡನೆ ವಿಚಾರಿಸಲಿ, ಸಂಬಂಧಪಟ್ಟವರಿಗೆ ತಿಳಿಸಲಿ. ಆದರೆ ಮಾತಿನ ಜೊತೆ ಅದರ ಮೂಲವೂ ಮಿತಿಯೂ ಸಾಗಲಿ. ಆಧಾರ ಸಿಗದ ಸಂಶಯಕ್ಕೆ ಒಂದು ಕೊನೆಯ ದಿನವಿರಲಿ. ತಪ್ಪು ತಲುಪಿದ ಕಡೆಗೆಲ್ಲ ತಿದ್ದುಪಡಿಯೂ ತಲುಪಲಿ. ಗುಟ್ಟು ಅನಿವಾರ್ಯವಾದಲ್ಲಿ, ಕಡತವನ್ನು ತೆರೆದು ನೋಡುವ ಅಧಿಕಾರವುಳ್ಳ ಸ್ವತಂತ್ರ ನ್ಯಾಯಾಧೀಶರೊಬ್ಬರಿರಲಿ. ಇವು ಕೈಗೂಡದ ಕನಸುಗಳಲ್ಲ. ಅಪರಾಧದ ಬಗ್ಗೆ ಸಕಾರಣವಾದ ಶಂಕೆ ಇಲ್ಲದೆ ಯಾರ ಹೆಸರನ್ನೂ ಗುಪ್ತಚರ ಕಡತಕ್ಕೆ ಸೇರಿಸಬಾರದು, ಐದು ವರ್ಷದೊಳಗೆ ಮರುಪರಿಶೀಲಿಸಬೇಕು ಎಂಬ ನಿಯಮ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ವ್ಯವಸ್ಥೆಗಳಿಗೆ 2001ಕ್ಕೂ ಮೊದಲಿನಿಂದಲೇ ಇದೆ. 2001ರ ನಂತರ ಬಂದ ಚಟುವಟಿಕೆ ವರದಿಗಳಿಗೆ ಅದಕ್ಕಿಂತ ಸಡಿಲವಾದ ಅಳತೆ ಸಾಕೆಂದದ್ದೇ ಹಾದಿ ತಪ್ಪಿದ್ದು.

ಭಾರತಕ್ಕೂ ಈ ವಿಚಾರ ಹೊರಗಿನದಲ್ಲ. ಕಾರ್ಗಿಲ್ ಯುದ್ಧದ ನಂತರ 2001ರಲ್ಲಿ ಗುಪ್ತಚರ ದಳದೊಳಗೆ ಬಹು ಸಂಸ್ಥೆಗಳ ಸಮನ್ವಯ ಕೇಂದ್ರ ‘ಮ್ಯಾಕ್’ ಹುಟ್ಟಿತು, ಮುಂಬೈ ದಾಳಿಯ ಬಳಿಕ ಅದಕ್ಕೆ ಬಲ ತುಂಬಿದರು, ಹಲವು ಇಲಾಖೆಗಳ ದತ್ತಾಂಶಗಳನ್ನು ಜೋಡಿಸುವ ನ್ಯಾಟ್‌ಗ್ರಿಡ್ ಯೋಜನೆ ಬಂತು. 2012ರಲ್ಲಿ ಬಂಧನ ಮತ್ತು ಶೋಧದ ಅಧಿಕಾರವಿದ್ದ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರವನ್ನು ತೆರೆಯಲು ಹೊರಟಾಗ ಒಡಿಶಾ, ಪಶ್ಚಿಮ ಬಂಗಾಳ, ತಮಿಳುನಾಡು, ಗುಜರಾತ್ ಮುಖ್ಯಮಂತ್ರಿಗಳು ವಿರೋಧಿಸಿದರು. ಕೇಂದ್ರ ಆರಂಭವಾಗಲೇ ಇಲ್ಲ. ಆ ಚರ್ಚೆ ಬಹುಪಾಲು ನಡೆದದ್ದು ರಾಜ್ಯಗಳ ಅಧಿಕಾರದ ಮೇಲೆ. ಶಂಕಿತನೆಂದು ಬರೆಯಲ್ಪಟ್ಟ ಪ್ರಜೆಯ ಪರವಾಗಿ ಎದ್ದ ದನಿ ಕ್ಷೀಣವಾಗಿತ್ತು. ಗುಪ್ತಚರ ದಳ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಮಾಹಿತಿ ಹಕ್ಕು ಕಾಯ್ದೆ ಅದಕ್ಕಾಗಲಿ ನ್ಯಾಟ್‌ಗ್ರಿಡ್‌ಗಾಗಲಿ ತಾಕುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಪ್ರಭುತ್ವ ಅದನ್ನು ಮಿತಗೊಳಿಸಬಹುದು, ಆದರೆ ಕಾನೂನಿನ ಬೆಂಬಲ ಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಸಂಶಯವನ್ನು ಹಂಚುವ ಪ್ರತಿ ಕೇಂದ್ರವನ್ನೂ ಈ ಅಳತೆಗೆ ಒಡ್ಡಲೇಬೇಕು.

ಪ್ರಜೆಗಳನ್ನು ಕಾಯುವ ಸಲುವಾಗಿ ಸಂಶಯಿಸುವ ಅಧಿಕಾರ ಪ್ರಭುತ್ವಕ್ಕೆ ಇರಲಿ, ಅದು ಬೇಕು ಕೂಡ. ಆದರೆ ಇನ್ನೊಬ್ಬರ ಬಗ್ಗೆ ಆಡಿದ ಮಾತಿಗೆ ಹೊಣೆ ಹೊರಬೇಕೆಂಬ ನೀತಿಯನ್ನು ನಾವು ಸಾಮಾನ್ಯ ಮನುಷ್ಯನಿಗೆ ವಿಧಿಸುತ್ತೇವೆ. ಕೋಟ್ಯಂತರ ಜನರ ಬಗ್ಗೆ, ಅವರಿಗೆ ಕೇಳಿಸದಂತೆ ಮಾತಾಡುವ ಸಂಸ್ಥೆಗೆ ಆ ಹೊಣೆ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಲು ಕಾರಣವೇ ಇಲ್ಲ. ಸಂಶಯವನ್ನು ಒಪ್ಪಿಕೊಂಡು ವಿಚಾರಕ್ಕೆ ಇಳಿಯುವ ಪ್ರಭುತ್ವ ನಿಜವಾದ ಶತ್ರುವನ್ನು ಗುರುತಿಸಬಲ್ಲದು. ಸಂಶಯವನ್ನೇ ಜ್ಞಾನವೆಂದು ಕೂಡಿಟ್ಟುಕೊಂಡ ಪ್ರಭುತ್ವ ಶತ್ರುವನ್ನೂ ಕಳೆದುಕೊಳ್ಳುತ್ತದೆ, ಪ್ರಜೆಯ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ.