ಬಾವಿಯ ಲೆಕ್ಕ



ಪರಿಸರದ ವಿಷಯವನ್ನು ಎಲ್ಲ ಶಾಲೆಗಳಲ್ಲೂ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಆದೇಶಿಸಿತು. ಪುಸ್ತಕ ಬಂದಿತು, ಪರೀಕ್ಷೆಯೂ ಬಂದಿತು. ಆದರೆ ನಮ್ಮ ಜತ್ತ, ಅಕ್ಕಲಕೋಟೆ ಭಾಗದ ಮಗುವನ್ನು ಕೇಳಿ ನೋಡಿರಿ. ಅಂತರ್ಜಲದ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುತ್ತದೆ. ಮನೆಯ ಬಾವಿಯಲ್ಲಿ ಇಂದು ನೀರು ಎಷ್ಟು ಮೊಳವಿದೆ ಎಂದರೆ ತಾಯಿಯ ಮುಖ ನೋಡುತ್ತದೆ. ತಾಯಿಗೂ ತಿಳಿಯದು!

ನಮ್ಮ ನೆಲದಡಿ ಇರುವುದು ಕರಿಬಂಡೆ. ಅದರ ಬಿರುಕುಗಳಲ್ಲಿ, ಸವೆದ ಪದರಿನಲ್ಲಿ ಮಾತ್ರ ನೀರು ನಿಲ್ಲುತ್ತದೆ. ನಾವು ಆಳಕ್ಕೆ ಬೋರು ಕೊರೆಸಿದರೆ ನೆರೆಯವನ ಬಾವಿ ಬತ್ತಬಹುದು. ಇದನ್ನು ತಿಳಿದ ಮೇಲೂ ಕಬ್ಬಿಗಾಗಿ ಮತ್ತೊಂದು ಬೋರು ಕೊರೆಸಿದರೆ ಕಲಿತದ್ದೇನು? ಪಾದೋದಕವನ್ನು ಒಂದು ಹನಿಯೂ ಚೆಲ್ಲದೆ ಸ್ವೀಕರಿಸುವವರು ನಾವು. ಹೊಲದ ನೀರು ಬೇರೆಯೇ?

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಅಲ್ಲಿ ಮಣ್ಣು ಹೊತ್ತವರಿಗೆ ಪುಸ್ತಕವಿರಲಿಲ್ಲ. ಮಳೆಯ ನೀರು ಎತ್ತ ಹರಿಯುತ್ತದೆ, ಎಲ್ಲಿ ತಡೆದರೆ ನಿಲ್ಲುತ್ತದೆ ಎಂಬುದನ್ನು ಕಾಯಕವೇ ಕಲಿಸಿತು.

ಬರುವ ಅಮಾವಾಸ್ಯೆಗೆ ಮಠಕ್ಕೆ ಬರುವಾಗ ಮಕ್ಕಳ ಕೈಯಿಂದಲೇ ಹಗ್ಗ ಬಿಡಿಸಿ, ಬಾವಿಯ ನೀರು ಅಳೆಸಿ, ಚೀಟಿಯಲ್ಲಿ ಬರೆಸಿಕೊಂಡು ಬನ್ನಿರಿ. ಮಠದ ಬಾವಿಯ ಲೆಕ್ಕವನ್ನು ನಾವೂ ಬರೆದಿಟ್ಟಿರುತ್ತೇವೆ.