ಕಾಗದದ ಸೇತುವೆ, ಹಳ್ಳದ ನೀರು

ಮೂರನೇ ತರಗತಿಯ ಮಗುವಿಗೆ ಎಂಜಿನಿಯರಿಂಗ್ ಕಲಿಸುವುದು ಎಂದರೆ ಕೆಲವರಿಗೆ ನಗು ಬರಬಹುದು. ಎರಡು ಪುಸ್ತಕಗಳ ನಡುವೆ ಒಂದು ಹಾಳೆ ಹಾಸಿ, ಮೇಲೆ ನಾಣ್ಯ ಇಡಲು ಹೇಳಿ. ಹಾಳೆ ಬಾಗಿ ನಾಣ್ಯ ಜಾರುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಇಟ್ಟರೆ ನಾಣ್ಯಗಳ ಮೇಲೆ ನಾಣ್ಯ ನಿಲ್ಲುತ್ತವೆ. ಕಾಗದ ಹೆಚ್ಚಾಗಲಿಲ್ಲ, ಆಕಾರ ಬದಲಾಯಿತು ಅಷ್ಟೆ. ಇದನ್ನು ಕೈಯಾರೆ ಕಂಡ ಮಗುವಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇದರಾಚೆಯದು. ಹನೂರು ತಾಲ್ಲೂಕಿನ ಕಾಡಂಚಿನ ಪೋಡು, ದೊಡ್ಡಿಗಳ ಮಕ್ಕಳಲ್ಲಿ ಹಲವರು ದೂರ ನಡೆದು ಶಾಲೆಗೆ ಬರುವವರು. ಜೋರು ಮಳೆ ಬಂದರೆ ದಾರಿಯ ಹಳ್ಳ ತುಂಬಿ, ಆ ದಿನ ಶಾಲೆ ಇಲ್ಲ. ಅಂಥ ಮಗುವಿನ ಕೈಗೆ ಅಂಟು, ಕಡ್ಡಿ ಕೊಟ್ಟು ಸೇತುವೆ ಕಟ್ಟು ಎನ್ನುವುದು ಹಸಿದವನ ಮುಂದೆ ಅಡುಗೆಯ ಪಾಠ ಹೇಳಿದಂತಲ್ಲವೇ?

ಅಲ್ಲ ಎಂದೇ ನನಗನ್ನಿಸುತ್ತದೆ. ಸೇತುವೆ ಕಟ್ಟಿ ನೋಡದ ಮಗುವಿಗೆ ತುಂಬಿದ ಹಳ್ಳ ಹಣೆಬರಹದ ಹಾಗೆ ಕಾಣುತ್ತದೆ. ಕಟ್ಟಿ ನೋಡಿದ ಮಗುವಿಗೆ ಅದು ಯಾರೋ ಮಾಡದೆ ಬಿಟ್ಟ ಕೆಲಸವಾಗಿ ಕಾಣತೊಡಗುತ್ತದೆ. ಈ ಎರಡು ನೋಟಗಳ ನಡುವಿನ ಅಂತರ ದೊಡ್ಡದು.

ಇದಕ್ಕೆ ಉದಾಹರಣೆ ಈ ಸೀಮೆಯಲ್ಲೇ ಇದೆ. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯ ಅದಕ್ಕೂ ಮೊದಲೇ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದ್ದರು. ಕೊಳ್ಳೇಗಾಲದ ಬಳಿ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಅದೇ ಬಗೆಯ ಕಲ್ಲುಕಂಬದ ಸೇತುವೆ ಕಟ್ಟಿಸಿದರು. ಶ್ರೀರಂಗಪಟ್ಟಣದ್ದಕ್ಕೂ ಶಿವನಸಮುದ್ರದ ಒಂದಕ್ಕೂ ಇಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಲ್ಲು ಸೀಳಿ, ಹೊಳೆಯ ನಡುವೆ ನಿಲ್ಲಿಸಿದವರ ಹೆಸರು ಅವುಗಳ ಮೇಲಿಲ್ಲ. ಆದರೂ ಶಿವನಸಮುದ್ರದ ಸೇತುವೆ ಸುಮಾರು ಎರಡು ಶತಮಾನ ಪ್ರವಾಹಗಳನ್ನು ತಾಳಿತು. 2018ರ ನೆರೆಯಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ತರಗತಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಸ್ಪರ್ಧೆ: ಯಾರ ಸೇತುವೆ ಹೆಚ್ಚು ಭಾರ ಹೊರುತ್ತದೆ? ಮುರಿದರೆ ಎಲ್ಲರೂ ನಗುತ್ತಾರೆ, ಮತ್ತೆ ಕಟ್ಟುತ್ತಾರೆ. ಆ ಸ್ವಾತಂತ್ರ್ಯ ಮಗುವಿಗೆ ಬೇಕು. ಮುರಿಯಲು ಹೆದರುವವರು ಏನನ್ನೂ ಕಟ್ಟಲಾರರು. ಆದರೆ ಪಾಠ ಅಲ್ಲಿಗೇ ನಿಂತರೆ ಸಾಲದು. ಇದರ ಮೇಲೆ ಯಾರು ನಡೆಯುತ್ತಾರೆ? ತಲೆಯ ಮೇಲೆ ಸೌದೆ ಹೊತ್ತ ಅಜ್ಜಿಗೆ ಹಿಡಿಯಲು ಕೈಪಿಡಿ ಇದೆಯೇ? ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಊರಿನ ಹಿರಿಯರನ್ನು ಕೇಳಿದೆಯಾ? ಹೀಗೆ ಕೇಳಿದಾಗ ಮಗು ಲೆಕ್ಕದ ಜೊತೆಗೆ ಹೊಣೆಯನ್ನೂ ಕಲಿಯುತ್ತದೆ. ತರಗತಿಯ ಸೇತುವೆ ಬಿದ್ದರೆ ಬೀಳುವುದು ನಾಣ್ಯ, ಹೊರಗಿನದು ಬಿದ್ದರೆ ಮನುಷ್ಯರು ಎಂಬುದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ.

ಹೀಗೆ ಕಲಿತವರೆಲ್ಲ ಎಂಜಿನಿಯರ್ ಆಗಬೇಕಿಲ್ಲ. ನಾಳೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಹಳ್ಳಕ್ಕೆ ಸೇತುವೆ ಯಾಕಿಲ್ಲ ಎಂದು ಕೇಳಿದರೂ ಸಾಕು. ಉತ್ತರವಾಗಿ ಬಂದ ನಕ್ಷೆಯನ್ನು ಓದಿ, ಇಲ್ಲಿ ಕಂಬ ಸಾಲದು ಎಂದರೆ ಇನ್ನೂ ಒಳ್ಳೆಯದು.